ಮೊದಲು ಟೈರು, ಆಮೇಲೆ ವೀಲು

(ಚಿಕ್ಕಮಗಳೂರಿನಲ್ಲಿ ಕಾರು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಅಲಾಯ್ ವೀಲಿನ ಅಂಗಡಿಗೆ ಹೋದವರು ಸಾಮಾನ್ಯವಾಗಿ ಗೋಡೆ ನೋಡುತ್ತಾರೆ. ಅಲ್ಲಿ ತೂಗುಹಾಕಿರುವುದರಲ್ಲಿ ಚೆಂದದ್ದೊಂದನ್ನು ತೋರಿಸಿ "ಇದು ನಮ್ಮ ಗಾಡಿಗೆ ಕೂರುತ್ತಾ?" ಅಂತ ಕೇಳುತ್ತಾರೆ. "ಕೂರುತ್ತೆ ಸಾರ್" ಅನ್ನುವ ಉತ್ತರ ತಕ್ಷಣ ಬರುತ್ತದೆ. ಅದು ಸುಳ್ಳಲ್ಲ. ಬೋಲ್ಟುಗಳು ಹಿಡಿದರೆ ವೀಲು ಕೂತಂತೆಯೇ. ದುಡ್ಡು ಕೊಟ್ಟ ಮೇಲೆ ಆ ವೀಲಿಗೆ ಯಾವ ಟೈರು ಹಾಕುವುದು ಅಂತ ಹುಡುಕಾಟ ಶುರುವಾಗುತ್ತದೆ. ಸ್ಟಾಕಿನಲ್ಲಿ ಇದ್ದದ್ದನ್ನು ಹಾಕಿ ಕಳಿಸುತ್ತಾರೆ. ಹಂಪಿನ ಮೇಲೆ ಉಜ್ಜುವ ಸದ್ದು, ಮೊದಲ ಮಳೆಗಾಲಕ್ಕೇ ಸೈಡ್‌ವಾಲಿನಲ್ಲಿ, ಅಂದರೆ ಟೈರಿನ ಪಕ್ಕದ ಗೋಡೆಯಲ್ಲಿ, ಬಬ್ಬಲ್ಲು, ಎಂಬತ್ತರ ವೇಗದಲ್ಲಿ ನಡುಗುವ ಸ್ಟೇರಿಂಗು, ಈ ಮೂರೂ ಅಲ್ಲಿಂದಲೇ ಬರುತ್ತವೆ.

ಈ ಕ್ರಮವನ್ನು ತಿರುಗಿಸಿ ಹಾಕಬೇಕು. ನಿಮ್ಮ ಗಾಡಿಗೆ, ನೀವು ಓಡಿಸುವ ರಸ್ತೆಗೆ ಯಾವ ಟೈರು ಬೇಕು ಎನ್ನುವುದು ಮೊದಲು ಕಾಗದದ ಮೇಲೆ ತೀರ್ಮಾನವಾಗಲಿ. ಆ ಟೈರು ಕೇಳುವ ವೀಲನ್ನು ಆಮೇಲೆ ಹುಡುಕಿ. ಡಿಸೈನ್ ಕೊನೆಯ ಮಾತು.

ಇದನ್ನು ಹೇಳುವುದಕ್ಕೆ ಚಿಕ್ಕಮಗಳೂರಿಗಿಂತ ಒಳ್ಳೆಯ ಊರಿಲ್ಲ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಡೆದದ್ದು ಇಲ್ಲಿಯ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ. 2016ರಲ್ಲಿ ಗೌರವ್ ಗಿಲ್ ಆ ಚಾಂಪಿಯನ್‌ಶಿಪ್ ಗೆದ್ದದ್ದು ಸ್ಕೋಡಾ ಫೇಬಿಯಾ ಆರ್5 ಕಾರಿನಲ್ಲಿ. ಆ ದರ್ಜೆಯ ರ್‍ಯಾಲಿ ಕಾರು ಡಾಂಬರಿನ ಮೇಲೆ ಓಡುವಾಗ 18 ಇಂಚಿನ ವೀಲು ಹಾಕುತ್ತದೆ. ಮಣ್ಣಿಗಿಳಿದರೆ 15 ಇಂಚು. ಎಂಜಿನ್ ಅದೇ, ಡ್ರೈವರ್ ಅದೇ, ವೀಲು ಮಾತ್ರ ಮೂರು ಇಂಚು ಚಿಕ್ಕದು. ವೀಲು ಚಿಕ್ಕದಾದಷ್ಟು ರಬ್ಬರಿನ ಗೋಡೆ ಎತ್ತರವಾಗುತ್ತದೆ, ಕಲ್ಲಿನ ಪೆಟ್ಟನ್ನು ಆ ಗೋಡೆ ನುಂಗುತ್ತದೆ. ರ್‍ಯಾಲಿ ಕಾರುಗಳನ್ನು ಕಟ್ಟುವವರೇ ರಸ್ತೆ ನೋಡಿ ವೀಲು ಚಿಕ್ಕದು ಮಾಡುತ್ತಾರೆ. ನಾವು ಮಾತ್ರ ಆಲ್ದೂರಿನ ರಸ್ತೆಗೆ 18 ಇಂಚು ಹಾಕಿಸುತ್ತೇವೆ!

ಸರಿ, ಲೆಕ್ಕಕ್ಕೆ ಬರೋಣ. ಡ್ರೈವರ್ ಕಡೆಯ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಟೈರಿನ ಅಳತೆಯೂ ಗಾಳಿಯ ಒತ್ತಡವೂ ಅಲ್ಲಿರುತ್ತವೆ. ಈಗ ಗಾಡಿಯಲ್ಲಿರುವ ಟೈರು ನೋಡಿ ಅಳತೆ ಬರೆದುಕೊಳ್ಳಬೇಡಿ, ಹಿಂದಿನ ಮಾಲೀಕರು ಏನು ಹಾಕಿಸಿದ್ದರೋ ಯಾರಿಗೆ ಗೊತ್ತು. ಸ್ಟಿಕ್ಕರೇ ಪ್ರಮಾಣ.

ಉದಾಹರಣೆಗೆ 195/55 ಆರ್16 87 ವಿ ಎಂದಿದೆ ಅನ್ನಿ. ಹುಂಡೈ ಐ20 ಎನ್ ಲೈನ್‌ನಲ್ಲೂ, ಹಳೆಯ ಅಬಾರ್ತ್ ಪುಂಟೊದಲ್ಲೂ ಬಂದ ಅಳತೆ ಇದು, 195/55 ಆರ್16. 195 ಅಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ. 55 ಅಂದರೆ ಸೈಡ್‌ವಾಲಿನ ಎತ್ತರ ಆ ಅಗಲದ ಶೇ. 55. 16 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 87 ಎಷ್ಟು ಭಾರ ಹೊರುತ್ತದೆ ಎನ್ನುವುದರ ಸಂಕೇತ. ವಿ ಎಂದರೆ ಗಂಟೆಗೆ 240 ಕಿ.ಮೀ.ವರೆಗಿನ ವೇಗ.

ಸೈಡ್‌ವಾಲಿನ ಎತ್ತರ: 195ನ್ನು 0.55ರಿಂದ ಗುಣಿಸಿದರೆ 107 ಮಿ.ಮೀ., ಚಿಲ್ಲರೆ. ಮೇಲೊಂದು, ಕೆಳಗೊಂದು ಗೋಡೆ, ಆದ್ದರಿಂದ ಎರಡರಷ್ಟು, 214.5. ರಿಮ್ಮು 16 ಇಂಚು, ಒಂದು ಇಂಚಿಗೆ 25.4ರಂತೆ 406.4. ಕೂಡಿದರೆ ಟೈರಿನ ಒಟ್ಟು ವ್ಯಾಸ 620.9 ಮಿ.ಮೀ. ಈ ಸಂಖ್ಯೆಯನ್ನು ದೊಡ್ಡದಾಗಿ ಬರೆದಿಡಿ. ಸ್ಪೀಡೋಮೀಟರ್, ಗೇರಿನ ಎಳೆತ, ಎಬಿಎಸ್, ಮಡ್‌ಗಾರ್ಡಿನೊಳಗಿನ ಜಾಗ, ಎಲ್ಲವನ್ನೂ ಕಾರು ಕಟ್ಟಿದವರು ಈ ವ್ಯಾಸಕ್ಕೆ ಹೊಂದಿಸಿರುತ್ತಾರೆ. ಹೊಸ ಟೈರಿನ ವ್ಯಾಸ ಇದರಿಂದ ಶೇ. 3ಕ್ಕಿಂತ ಹೆಚ್ಚು ಸರಿಯಬಾರದು ಎನ್ನುವುದು ಎಲ್ಲರೂ ಹೇಳುವ ಮಾತು. ಶೇ. 1ರೊಳಗೆ ಸಿಗುವಾಗ 3ರ ತನಕ ಯಾಕೆ ಹೋಗಬೇಕು ಎನ್ನುವುದು ನಮ್ಮ ಪ್ರಶ್ನೆ.

ಈಗ 17 ಇಂಚಿಗೆ ಹೋಗುವ ಆಸೆ. ರಿಮ್ಮು 431.8 ಮಿ.ಮೀ. ಆಯಿತು. 205/45 ಹಾಕಿದರೆ ವ್ಯಾಸ 616.3, ಮುಕ್ಕಾಲು ಪರ್ಸೆಂಟ್ ಕಡಿಮೆ. 215/45 ಹಾಕಿದರೆ 625.3, ಹೆಚ್ಚುಕಡಿಮೆ ಅಷ್ಟೇ ಜಾಸ್ತಿ. ಎರಡೂ ಆಗುತ್ತವೆ. 215/40 ಹಾಕಿದರೆ 603.8ಕ್ಕೆ ಇಳಿಯುತ್ತದೆ, ಶೇ. 2.75 ಕಡಿಮೆ. ಗಾಡಿಯ ಹೊಟ್ಟೆ ನೆಲಕ್ಕೆ ಎಂಟೂವರೆ ಮಿ.ಮೀ. ಹತ್ತಿರ ಬಂತು, ಮೇಲಾಗಿ ಮೀಟರ್ ಇದ್ದದ್ದಕ್ಕಿಂತ ಜಾಸ್ತಿ ವೇಗ ತೋರಿಸುತ್ತದೆ. 205/50 ಹಾಕಿದರೆ 636.8, ಶೇ. 2.56 ಜಾಸ್ತಿ. ಕೆಟ್ಟ ರಸ್ತೆಗೆ ಒಳ್ಳೆಯದೇ ಅಲ್ಲವೇ ಅನ್ನಿಸಬಹುದು. ಆದರೆ ಮೀಟರ್ ಈಗ ಮೊದಲಿಗಿಂತ ಕಡಿಮೆ ಓದುತ್ತದೆ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಸ್ಪೀಡೋಮೀಟರ್ ಇರಕೂಡದು ಎನ್ನುವುದು ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ತಿರುಳು. ಕಂಪನಿಯವರು ಮೀಟರನ್ನು ಸ್ವಲ್ಪ ಮುಂದೆ ಓಡುವಂತೆ ಇಟ್ಟಿರುತ್ತಾರೆ. ಆ ಅಂತರವನ್ನು ನೀವು ಟೈರಿನಲ್ಲಿ ತಿಂದುಹಾಕುತ್ತೀರಿ.

ನಿಜವಾದ ಸ್ಪೋರ್ಟ್ಸ್ ಕಾರು ಮಾಡುವವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ನೋಡಿ. ಪೋರ್ಷೆ 718 ಕೇಮನ್‌ಗೆ ಕಂಪನಿಯೇ 18, 19, 20 ಇಂಚಿನ ವೀಲು ಕೊಡುತ್ತಿತ್ತು. ಮುಂದಿನ ಟೈರು 235/45, 235/40, 235/35. ಹಿಂದಿನದು 265/45, 265/40, 265/35. ವ್ಯಾಸ ಲೆಕ್ಕ ಹಾಕಿದರೆ ಮುಂದಿನವು 668.7, 670.6, 672.5. ಹಿಂದಿನವು 695.7, 694.6, 693.5. ವೀಲು ಎರಡು ಇಂಚು, ಅಂದರೆ 50 ಮಿ.ಮೀ. ಬೆಳೆದರೂ ಟೈರಿನ ವ್ಯಾಸ ನಾಲ್ಕು ಮಿ.ಮೀ. ಕೂಡ ಕದಲಿಲ್ಲ. ಅಗಲವನ್ನೂ ಮುಟ್ಟಲಿಲ್ಲ. ವೀಲು ಬೆಳೆದಷ್ಟೂ ಗೋಡೆಯನ್ನು ಇಳಿಸಿದರು, ಅಷ್ಟೇ. ವೀಲು ಬದಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಆದರೆ ಇಳಿದ ಗೋಡೆಗೂ ಒಂದು ಬೆಲೆಯಿದೆ. 195/55ರ ಗೋಡೆ 107 ಮಿ.ಮೀ. ಇದ್ದದ್ದು 215/45ಕ್ಕೆ 97, 205/45ಕ್ಕೆ 92, 215/40ಕ್ಕೆ 86. ಗುಂಡಿಯ ಅಂಚಿಗೆ ಟೈರು ಬಡಿದಾಗ ಆ ಅಂಚಿಗೂ ರಿಮ್ಮಿನ ತುಟಿಗೂ ನಡುವೆ ಗೋಡೆ ಮಡಚಿ ಸಿಕ್ಕಿಕೊಳ್ಳುತ್ತದೆ. ಒಳಗಿನ ದಾರಗಳು ತುಂಡಾದ ಜಾಗದಲ್ಲಿ ಗಾಳಿಯ ಒತ್ತಡಕ್ಕೆ ರಬ್ಬರ್ ಉಬ್ಬುತ್ತದೆ. ಅದೇ ಬಬ್ಬಲ್ಲು. ಅದನ್ನು ರಿಪೇರಿ ಮಾಡುವ ವಿದ್ಯೆ ಯಾರಲ್ಲೂ ಇಲ್ಲ, ಟೈರು ಎಸೆಯಬೇಕು. ರಿಮ್ಮು ಬಾಗುವುದು ಹೆಚ್ಚಾಗಿ ಒಳಗಿನ ತುಟಿಯಲ್ಲಿ, ಹೊರಗೆ ನಿಂತು ನೋಡಿದರೆ ಕಾಣುವುದೇ ಇಲ್ಲ. ಗಾಳಿ ವಾರಕ್ಕೊಮ್ಮೆ ಇಳಿಯುತ್ತಿದೆ, ಪಂಕ್ಚರ್ ಅಂಗಡಿಯಲ್ಲಿ ಮೊಳೆ ಸಿಗುತ್ತಿಲ್ಲ ಎಂದರೆ ವೀಲು ಬಿಚ್ಚಿಸಿ ಒಳತುಟಿ ನೋಡಿ.

ಒಂದೇ ಜಿಲ್ಲೆಯಲ್ಲಿ ಎರಡು ಲೋಕವಿದೆ ನಮಗೆ. ಕಡೂರಿನ ಕಡೆ ಬಯಲು, ಒಣ ಹವೆ, ನೇರ ರಸ್ತೆ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಹೋದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಯಲ್ಲಿ ನೀರು ತುಂಬಿ ಅದರ ಆಳವೇ ತಿಳಿಯುವುದಿಲ್ಲ. ಡಾಂಬರಿನ ಅಂಚು ಕಿತ್ತು ನಾಲ್ಕು ಬೆರಳು ಕೆಳಗಿರುತ್ತದೆ, ಎದುರಿಗೆ ಬಸ್ಸು ಬಂದರೆ ಒಂದು ವೀಲು ಅಲ್ಲಿಗೆ ಇಳಿಯಲೇಬೇಕು. ಮಲೆನಾಡಿನಲ್ಲಿ ದಿನಾ ಓಡುವ ಈ ಗಾತ್ರದ ಗಾಡಿಗೆ 95 ಮಿ.ಮೀ.ಗಿಂತ ಕೆಳಗಿನ ಗೋಡೆಯನ್ನು ನಾವು ಒಪ್ಪುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಇರುವ ನಿಯಮವಲ್ಲ, ರಸ್ತೆ ನೋಡಿ ಹೇಳುವ ಮಾತು. ಆ ಲೆಕ್ಕಕ್ಕೆ 215/45 ಆರ್17 ಉಳಿಯಿತು, 205/45 ಜಾರಿತು. ಅಥವಾ 16ರಲ್ಲೇ ಉಳಿದು ಹಗುರವಾದ ಒಳ್ಳೆಯ ವೀಲು ಹಾಕಿಸಿ. ನಿಜ ಹೇಳಬೇಕೆಂದರೆ ಚಾರ್ಮಾಡಿಯ ತಿರುವುಗಳಲ್ಲಿ ಗಾಡಿ ಚುರುಕಾಗಬೇಕಾದರೆ ಒಂದು ಇಂಚು ದೊಡ್ಡದಾದ ವೀಲಿಗಿಂತ ಎರಡು ಕೆ.ಜಿ. ಕಡಿಮೆ ತೂಗುವ ವೀಲು ಹೆಚ್ಚು ಕೆಲಸ ಮಾಡುತ್ತದೆ. ಆದರೆ ಅದು ಫೋಟೊದಲ್ಲಿ ಕಾಣುವುದಿಲ್ಲ.

ಇನ್ನು ಭಾರ. ಹೆಚ್ಚಿನವರು ಎಡವುವುದು ಇಲ್ಲೇ, ಯಾಕೆಂದರೆ ಇದನ್ನು ಯಾರೂ ಓದುವುದೇ ಇಲ್ಲ. 87 ಎಂದರೆ ಒಂದು ಟೈರು 545 ಕೆ.ಜಿ. ಹೊರುತ್ತದೆ. 84 ಎಂದರೆ 500. 88 ಎಂದರೆ 560, 91 ಎಂದರೆ 615. ಸಾಮಾನ್ಯ 205/45 ಆರ್17 ಟೈರಿನ ಸಂಕೇತ 84. ಅಂದರೆ ಅಗಲ ಜಾಸ್ತಿಯಾಗಿ, ವೀಲು ದೊಡ್ಡದಾಗಿ, ಬೆಲೆಯೂ ಹೆಚ್ಚಾಗಿ, ಒಂದೊಂದು ಟೈರು ಹೊರುವ ಭಾರ 45 ಕೆ.ಜಿ. ಕಡಿಮೆಯಾಯಿತು. ಟೈರು ಭಾರ ಹೊರುವುದು ರಬ್ಬರಿನಿಂದಲ್ಲ, ಒಳಗಿರುವ ಗಾಳಿಯಿಂದ. ಗೋಡೆ ಇಳಿಸಿದರೆ ಗಾಳಿಯ ಜಾಗ ಇಳಿಯಿತು. ಆದ್ದರಿಂದ 205/45 ತೆಗೆದುಕೊಳ್ಳುವವರು ಎಕ್ಸ್‌ಎಲ್ ಗುರುತಿರುವ, ಅಂದರೆ ಹೆಚ್ಚು ಭಾರಕ್ಕೆಂದೇ ಮಾಡಿದ, 88ನ್ನೇ ಕೇಳಬೇಕು. 215/45 ಆರ್17 ಮಾಮೂಲಿಯಲ್ಲೇ 87 ಸಿಗುತ್ತದೆ. ಅದನ್ನು ಆರಿಸಲು ಇದು ಎರಡನೆಯ ಕಾರಣ.

ಎಕ್ಸ್‌ಎಲ್ ಹಾಕಿದವರು ಇನ್ನೊಂದು ತಪ್ಪು ಮಾಡುತ್ತಾರೆ. ಹಳೆಯ ಒತ್ತಡವನ್ನೇ ಮುಂದುವರಿಸುತ್ತಾರೆ. ಮಾಮೂಲಿ ಟೈರು ತನ್ನ ಪೂರ್ತಿ ಭಾರ ಹೊರುವುದು ಸುಮಾರು 36 ಪಿಎಸ್‌ಐಗೆ, ಎಕ್ಸ್‌ಎಲ್ ಟೈರಿಗೆ ಅದು 42. 87ರ ಟೈರಿಗೆ 33 ಪಿಎಸ್‌ಐ ಇಟ್ಟಾಗ ಅದು ಸುಮಾರು 508 ಕೆ.ಜಿ. ಹೊರುತ್ತಿತ್ತು. 88ರ ಎಕ್ಸ್‌ಎಲ್ ಟೈರು ಅಷ್ಟೇ ಭಾರ ಹೊರಬೇಕಾದರೆ 37 ಪಿಎಸ್‌ಐ ಬೇಕು. ಅದಕ್ಕೂ 33 ಹಿಡಿಸಿದರೆ ಗೋಡೆ ಹೆಚ್ಚು ಮಡಚುತ್ತದೆ, ಕಾಯುತ್ತದೆ, ಗುಂಡಿಗೆ ಬೇಗ ಸಿಗುತ್ತದೆ. ಬೆಳಿಗ್ಗೆ ಗಾಡಿ ಓಡುವ ಮುಂಚೆ, ಟೈರು ತಣ್ಣಗಿರುವಾಗ ಗಾಳಿ ನೋಡಿ. ಬಂಕಿನ ಹುಡುಗ ಎಲ್ಲ ಗಾಡಿಗೂ 30 ಹಿಡಿಸುತ್ತಾನೆ. ಸಂಖ್ಯೆಯನ್ನು ನೀವೇ ಹೇಳಬೇಕು.

ಟೈರು ಗೊತ್ತಾಯಿತು. ಈಗ ಅದು ಎಂಥ ವೀಲು ಕೇಳುತ್ತದೆ ನೋಡೋಣ.

ಮೊದಲು ರಿಮ್ಮಿನ ಅಗಲ, ಅಂಗಡಿಯಲ್ಲಿ ಜೆ ಅನ್ನುತ್ತಾರಲ್ಲ ಅದು. 195/55ಕ್ಕೆ 5.5ರಿಂದ 7 ಇಂಚು ಆಗುತ್ತದೆ. 205/45ಕ್ಕೆ 6.5ರಿಂದ 7.5. 215/45ಕ್ಕೆ 7ರಿಂದ 8. 225/40ಕ್ಕೆ 7.5ರಿಂದ 9. ನಾವು ಆರಿಸಿದ 215/45ಕ್ಕೆ 7ಜೆ ಬೇಕೇ ಬೇಕು, ಆರೂವರೆಗೆ ಹಾಕಬೇಡಿ. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಗೋಡೆ ಹೊಟ್ಟೆ ಬಿಟ್ಟು, ತಿರುವಿನಲ್ಲಿ ಗಾಡಿ ತೊಟ್ಟಿಲಿನ ಹಾಗೆ ತೂಗುತ್ತದೆ, ನಡುಭಾಗ ಬೇಗ ಸವೆಯುತ್ತದೆ. ಅಗಲದ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸುವುದೂ ಒಂದು ಫ್ಯಾಷನ್. ಅದರಲ್ಲಿ ರಿಮ್ಮಿನ ತುಟಿ ಟೈರಿಗಿಂತ ಹೊರಗಿರುತ್ತದೆ, ಮೊದಲ ಪೆಟ್ಟು ಅದಕ್ಕೇ ಬೀಳುತ್ತದೆ. ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಬಿದ್ದರೆ ಟೈರಿನ ಅಂಚು ರಿಮ್ಮಿನಿಂದ ಕಳಚಿ ಗಾಳಿ ಒಮ್ಮೆಗೇ ಹೋಗುತ್ತದೆ. ಬಾಬಾಬುಡನ್‌ಗಿರಿ ದಾರಿಯ ಪ್ರಪಾತದ ಕಡೆಯ ತಿರುವಿನಲ್ಲಿ ಆ ಪ್ರಯೋಗ ಬೇಡ.

ನೆನಪಿಡಿ, 215 ಎನ್ನುವುದು ಒಂದು ನಿಗದಿತ ರಿಮ್ಮಿನ ಮೇಲೆ ಅಳೆದ ಹೆಸರಿನ ಅಗಲ. ರಿಮ್ಮು ಅರ್ಧ ಇಂಚು ಹೆಚ್ಚಾದರೆ ಟೈರು ಸುಮಾರು 5 ಮಿ.ಮೀ. ಅಗಲವಾಗುತ್ತದೆ. ಕಂಪನಿಯಿಂದ ಕಂಪನಿಗೂ ಕೆಲವು ಮಿ.ಮೀ. ವ್ಯತ್ಯಾಸವಿರುತ್ತದೆ.

ಮುಂದಿನದು ಆಫ್‌ಸೆಟ್, ಇಟಿ ಅಂತ ವೀಲಿನ ಒಳಗೆ ಕೆತ್ತಿರುತ್ತಾರೆ. ಹಬ್ಬಿಗೆ, ಅಂದರೆ ಗಾಡಿಯಲ್ಲಿ ವೀಲನ್ನು ಬಿಗಿಯುವ ಗುಂಬಕ್ಕೆ, ತಾಗುವ ಮುಖ ವೀಲಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎನ್ನುವುದೇ ಇಟಿ. ಇಟಿ ಹೆಚ್ಚಾದಷ್ಟು ವೀಲು ಒಳಗೆ ಹೋಗುತ್ತದೆ, ಕಡಿಮೆಯಾದಷ್ಟು ಹೊರಗೆ ಬರುತ್ತದೆ. ಕೂಡುವುದು, ಕಳೆಯುವುದು ಬಂದರೆ ಸಾಕು. ರಿಮ್ಮಿನ ಅಗಲದ ಅರ್ಧಕ್ಕೆ ಇಟಿ ಕೂಡಿಸಿದರೆ ಒಳಗಿನ ಅಂಚು ಹಬ್ಬಿನಿಂದ ಎಷ್ಟು ದೂರ ಎಂದು ಸಿಗುತ್ತದೆ. ಕಳೆದರೆ ಹೊರಗಿನದು.

ಹಳೆಯ ವೀಲು 6ಜೆ, ಇಟಿ 40 ಅನ್ನಿ. ಆರು ಇಂಚು 152.4 ಮಿ.ಮೀ., ಅರ್ಧ 76.2. ಒಳಗೆ 116.2, ಹೊರಗೆ 36.2. ಹೊಸದು 7ಜೆ, ಇಟಿ 35 ಆದರೆ ಅರ್ಧ 88.9. ಒಳಗೆ 123.9, ಹೊರಗೆ 53.9. ಅಂದರೆ ಶಾಕ್ ಅಬ್ಸಾರ್ಬರಿನ ಕಡೆ 7.7 ಮಿ.ಮೀ. ಹತ್ತಿರವಾಯಿತು, ಮಡ್‌ಗಾರ್ಡಿನ ಕಡೆ 17.7 ಹೊರಬಂತು. ಅದೇ 7ಜೆ ವೀಲು ಇಟಿ 45 ಆದರೆ ಲೆಕ್ಕ ತಲೆಕೆಳಗು, ಒಳಗೆ 17.7, ಹೊರಗೆ 7.7. ನೋಡುವುದಕ್ಕೆ ಒಂದೇ ವೀಲು, ಕೆತ್ತಿದ ಎರಡಂಕಿ ಮಾತ್ರ ಬೇರೆ. ಒಂದು ಹಿಂದಿನ ಸೀಟು ತುಂಬಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ, ಇನ್ನೊಂದು ಶಾಕ್ ಅಬ್ಸಾರ್ಬರಿಗೆ ತಾಗುತ್ತದೆ.

ಯಾವುದು ನಿಮಗೆ ಆಗುತ್ತದೆ ಎನ್ನುವುದನ್ನು ಗಾಡಿಯೇ ಹೇಳಬೇಕು. ಹಳೆಯ ವೀಲು ಇರುವಾಗಲೇ ಅಳೆಯಿರಿ. ಸ್ಟೇರಿಂಗ್ ನೇರವಿಟ್ಟು, ಟೈರಿನ ಒಳಮೈಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಎಷ್ಟಿದೆ? ಕೈ ಹೋಗದ ಜಾಗವಾದ್ದರಿಂದ ಡ್ರಿಲ್ ಬಿಟ್‌ಗಳನ್ನು ಒಂದೊಂದಾಗಿ ತೂರಿಸಿ, ತೂರಿದ ಅತಿ ದಪ್ಪದ್ದರ ಅಳತೆ ಬರೆದುಕೊಳ್ಳಿ. ಅದರಲ್ಲಿ ಹೊಸ ವೀಲು ತಿನ್ನುವ ಜಾಗವನ್ನೂ ಟೈರಿನ ಹೆಚ್ಚಿದ ಅಗಲದ ಅರ್ಧವನ್ನೂ ಬೇರೆ ಬೇರೆಯಾಗಿ ಕಳೆದು ನೋಡಿ. 195ರಿಂದ 215 ಎಂದರೆ ಒಂದೊಂದು ಪಕ್ಕಕ್ಕೆ 10 ಮಿ.ಮೀ. ಇಟಿ ಹೆಚ್ಚಿದರೆ ಅದನ್ನೂ ಇದಕ್ಕೆ ಸೇರಿಸಿ, ಕಡಿಮೆಯಾದರೆ ಇದರಿಂದ ಕಳೆಯಿರಿ. ಕೊನೆಗೆ 5 ಮಿ.ಮೀ. ಉಳಿಯದಿದ್ದರೆ ಆ ವೀಲು ಬೇಡ. ಬ್ರೇಕ್ ಕ್ಯಾಲಿಪರಿಗೂ ವೀಲಿನ ಕಡ್ಡಿಗಳಿಗೂ ಮಧ್ಯೆ 3 ಮಿ.ಮೀ. ಇರಲಿ. ಮಕ್ಕಳು ಆಡುವ ಕ್ಲೇಯ ಉಂಡೆಯೊಂದನ್ನು ಕ್ಯಾಲಿಪರಿಗೆ ಅಂಟಿಸಿ, ಟೈರು ಹಾಕದ ವೀಲು ತೊಡಿಸಿ ಕೈಯಲ್ಲಿ ಒಂದು ಸುತ್ತು ತಿರುಗಿಸಿ ಬಿಚ್ಚಿದರೆ, ಉಳಿದ ಕ್ಲೇಯ ದಪ್ಪವೇ ಉತ್ತರ.

ಇಟಿ ತುಂಬ ಇಳಿಸುವುದರಲ್ಲಿ ಇನ್ನೊಂದು ಕೇಡಿದೆ. ವೀಲು ಹೊರಗೆ ಬಂದಷ್ಟೂ ಹಬ್ಬಿನ ಬೇರಿಂಗಿನ ಮೇಲೆ ಸನ್ನೆಗೋಲಿನಂತೆ ಭಾರ ಬೀಳುತ್ತದೆ, ಸ್ಟೇರಿಂಗ್ ಗುಂಡಿ ಗುಂಡಿಗೂ ಕೈಯಲ್ಲಿ ಎಳೆಯುತ್ತದೆ. ಟರ್ಬೊ ಇರುವ, ಮುಂಚಕ್ರಕ್ಕೆ ಎಂಜಿನ್ನಿನ ಎಳೆತ ಹೋಗುವ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಬೋಲ್ಟುಗಳ ವೃತ್ತ, ಅಂದರೆ ಪಿಸಿಡಿ, ಎಲ್ಲರಿಗೂ ಗೊತ್ತಿರುವುದೇ. ಆದರೂ ಎರಡು ಬಲೆಗಳಿವೆ. ಕೆಲವು ಫಿಯಟ್ ಗಾಡಿಗಳದು 4×98, ಅಂದರೆ ನಾಲ್ಕು ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 98 ಮಿ.ಮೀ. ಐ20ದು 4×100. ಎರಡೇ ಮಿ.ಮೀ. ವ್ಯತ್ಯಾಸ, ಗಟ್ಟಿಯಾಗಿ ತಿರುಗಿಸಿದರೆ ಬೋಲ್ಟು ಹಿಡಿದಂತೆಯೇ ತೋರುತ್ತದೆ. 5×112 ಮತ್ತು 5×114.3 ಕೂಡ ಹಾಗೆಯೇ. ಓರೆಯಾಗಿ ಬಿಗಿದ ಬೋಲ್ಟು ಓಡುತ್ತಾ ಓಡುತ್ತಾ ಸಡಿಲಾಗುತ್ತದೆ, ಇಲ್ಲವೇ ತುಂಡಾಗುತ್ತದೆ. ಇದರಲ್ಲಿ ಹೊಂದಾಣಿಕೆಯೇ ಇಲ್ಲ.

ನಡುವಿನ ತೂತು ಇನ್ನೊಂದು. ಫೋಕ್ಸ್‌ವ್ಯಾಗನ್ ಹಬ್ಬಿನ ಅಳತೆ 57.1 ಮಿ.ಮೀ., ಐ20ದು 54.1. ಹೊರಗಿನ ವೀಲುಗಳು ಎಲ್ಲ ಗಾಡಿಗೂ ಆಗಲಿ ಎಂದು 73.1ರ ತೂತಿನಲ್ಲಿ ಬರುವುದು ಹೆಚ್ಚು. ನಡುವಿನ ಜಾಗಕ್ಕೆ ಹಬ್ ರಿಂಗ್ ಹಾಕಲೇಬೇಕು. ಸಣ್ಣ ಬಳೆಯಂಥ ವಸ್ತು, ಅದನ್ನು ಬಿಟ್ಟರೆ ವೀಲು ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ, ಎಂಬತ್ತರಿಂದ ನೂರರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಮಾಲೀಕರು ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಮೆಷಿನ್ನಿನ ಮೇಲೆ ಎಲ್ಲ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ಮೆಷಿನ್ನು ವೀಲನ್ನು ನಡುವಿನಿಂದಲೇ ಹಿಡಿಯುತ್ತದೆ.

ಬೋಲ್ಟಿನ ತಲೆಯ ಬುಡವನ್ನೂ ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾದ ಕಂಪನಿ ಬೋಲ್ಟಿನ ಬುಡ ಗೋಲಿಯಂತೆ ದುಂಡಗಿದೆ. ಹೊರಗಿನ ವೀಲುಗಳ ತೂತು ಹೆಚ್ಚಾಗಿ ಶಂಕುವಿನಂತೆ 60 ಡಿಗ್ರಿಯ ಓರೆ. ದುಂಡು ಬುಡ ಓರೆ ತೂತಿನಲ್ಲಿ ಒಂದು ಗೆರೆಯಷ್ಟೇ ತಾಗುತ್ತದೆ, ಟಾರ್ಕ್, ಅಂದರೆ ಬಿಗಿತ, ಸರಿಯಾಗಿದ್ದರೂ ಸಡಿಲಾಗುತ್ತದೆ. ವೀಲಿನ ಜೊತೆ ಅದಕ್ಕೆ ಹೊಂದುವ ಬೋಲ್ಟುಗಳನ್ನೂ ಕೊಳ್ಳಿ. ಉದ್ದ ಸರಿಯಿರಲಿ: 14 ಮಿ.ಮೀ. ಬೋಲ್ಟು ಕೈಯಲ್ಲಿ ತಿರುಗಿಸುವಾಗ ಒಂಬತ್ತು ಸುತ್ತಾದರೂ ಒಳಗೆ ಹೋಗಬೇಕು. ಫೋಕ್ಸ್‌ವ್ಯಾಗನ್‌ಗೆ 120 ನ್ಯೂಟನ್ ಮೀಟರ್ ಬಿಗಿತ, ಬೇರೆಯವಕ್ಕೆ ಆಯಾ ಪುಸ್ತಕ ನೋಡಿ. ಗಾಳಿ ಗನ್ನಿನಲ್ಲಿ ಬಿಗಿಸಿಕೊಂಡು ಬಂದವರು 50ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಿಸಿ.

ನಾಲ್ಕೂ ಟೈರು ಹಾಕಿಸುವ ಮುಂಚೆ ಮುಂದೊಂದು, ಹಿಂದೊಂದು ಮಾತ್ರ ಹಾಕಿಸಿ ಪರೀಕ್ಷೆ ಮಾಡಿ. ಮಡ್‌ಗಾರ್ಡಿನ ಒಳಅಂಚಿಗೂ ಪ್ಲಾಸ್ಟಿಕ್ ಲೈನರಿಗೂ ಸುಣ್ಣದ ನೀರು ಬಳಿಯಿರಿ, ಒಣಗಲಿ. ಹಿಂದೆ ಮೂರು ಜನರನ್ನು ಕೂರಿಸಿ, ಡಿಕ್ಕಿಯಲ್ಲಿ ಒಂದು ಚೀಲ ಕಾಫಿಬೀಜವನ್ನೋ ಅಷ್ಟೇ ತೂಕದ ಇನ್ನೇನನ್ನೋ ಇಡಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಒಂದು ಹಂಪಿನ ಮೇಲೆ ಓರೆಯಾಗಿ, ನಿಧಾನವಾಗಿ ಹತ್ತಿಸಿ ಇಳಿಸಿ. ಸುಣ್ಣ ಅಳಿಸಿದ ಕಡೆ ಟೈರು ತಾಗಿದೆ. ಟೈರು ಲೈನರಿಗೆ ಸ್ವಲ್ಪ ಸವರಿದ್ದರೆ ಸ್ಕ್ರೂ ಬಿಗಿಸಿ ಸರಿಮಾಡಬಹುದು. ಲೋಹದ ಅಂಚಿಗೆ ತಾಗಿದರೆ ಟೈರೋ ಇಟಿಯೋ ಬದಲಾಗಬೇಕು. ಸ್ಪ್ರಿಂಗ್ ಕತ್ತರಿಸಿ ಇಳಿಸಿದ ಗಾಡಿಗಳಿಗೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ, ಅವರಿಗೆ ದೇವರೇ ಗತಿ.

ಮಳೆಯ ಬಗ್ಗೆ ಒಂದು ಮಾತು. ಅಗಲದ ಟೈರು ಒಣ ರಸ್ತೆಯಲ್ಲಿ ಹಿಡಿಯುತ್ತದೆ, ಆದರೆ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ. ತಳ್ಳಲಾಗದಾಗ ನೀರಿನ ಮೇಲೆ ತೇಲುತ್ತದೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳ ಮೇಲೆ ಮಾಡಿದ ಅಧ್ಯಯನದಿಂದ ಬಂದ ಸೂತ್ರವೊಂದಿದೆ: ಪಿಎಸ್‌ಐನ ವರ್ಗಮೂಲವನ್ನು 16.65ರಿಂದ ಗುಣಿಸಿದರೆ ತೇಲಲು ಶುರುವಾಗುವ ವೇಗ ಕಿ.ಮೀ.ನಲ್ಲಿ ಸಿಗುತ್ತದೆ. 33ಕ್ಕೆ ಸುಮಾರು 96, 25ಕ್ಕೆ 83. ಇದು ನೀರು ತುಂಬಿ ನಿಂತ ರಸ್ತೆಯಲ್ಲಿ, ಕಚ್ಚು ಸವೆದ ಟೈರಿನ ಲೆಕ್ಕ. ಕಾನೂನಿನಂತೆ ಕಚ್ಚು 1.6 ಮಿ.ಮೀ.ಗೆ ಇಳಿಯುವ ತನಕ ಓಡಿಸಬಹುದು. ಮಲೆನಾಡಿನಲ್ಲಿ ಮೇ ತಿಂಗಳಿಗೆ 3 ಮಿ.ಮೀ. ಉಳಿದಿಲ್ಲವಾದರೆ ಆ ಮಳೆಗಾಲಕ್ಕೆ ಹೊಸದು ಹಾಕಿಸಿ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಗಳು ತಯಾರಕರ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ನಿಮ್ಮದೇ ಮಾಡೆಲ್ಲಿನ ಮೇಲಿನ ವೇರಿಯಂಟಿಗೆ ಕಂಪನಿ ಕೊಡುವ ಅಳತೆ ಇದ್ದರೆ ಅದನ್ನೇ ಹಿಡಿಯುವುದು ಎಲ್ಲಕ್ಕಿಂತ ಕ್ಷೇಮ. ವೀಲು ಬದಲಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿ. ಟೈರಿನ ಮೇಲೆ ಐಎಸ್‌ಐ ಗುರುತು ನೋಡಿ, ಪಕ್ಕದ ನಾಲ್ಕಂಕಿಯನ್ನೂ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು.

ಇನ್ನು ನಿಮ್ಮ ಪ್ರಶ್ನೆಗಳು.

"ಸಾರ್, ವೀಲಿನ ಮೇಲೆ ಜೆಡಬ್ಲ್ಯುಎಲ್ ಅಂತ ಇದ್ದರೆ ಸಾಕಲ್ಲವಾ?" ಸಾಲದು. ಅದು ಜಪಾನಿನ ಗುಣಮಟ್ಟದ ಗುರುತು, ತಯಾರಕರು ತಾವೇ ಪರೀಕ್ಷೆ ಮಾಡಿ ಒತ್ತಿಕೊಳ್ಳಬಹುದು. ಜೊತೆಗೆ ವಿಐಎ ಎಂದಿದ್ದರೆ ಹೊರಗಿನ ಪ್ರಯೋಗಾಲಯ ನೋಡಿದೆ ಎಂದರ್ಥ. ಎರಡನ್ನೂ ಎರಕದಲ್ಲೇ ನಕಲು ಮಾಡುವವರಿದ್ದಾರೆ. ವೀಲಿನ ಹಿಂಭಾಗದಲ್ಲಿ ಎಷ್ಟು ಕೆ.ಜಿ. ಹೊರುತ್ತದೆ ಎನ್ನುವ ಸಂಖ್ಯೆಯೂ ಇರಬೇಕು, ಅದು ನಿಮ್ಮ ಟೈರು ಹೊರುವ ಭಾರಕ್ಕಿಂತ ಕಡಿಮೆಯಿರಬಾರದು. ಆ ಸಂಖ್ಯೆ ಇಲ್ಲದ ವೀಲನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.

"ಒಳಗೆ ತಾಗುತ್ತೆ, ಸ್ಪೇಸರ್ ಹಾಕಿಸಲಾ?" ಸ್ಪೇಸರ್ ಅಂದರೆ ಹಬ್ಬಿಗೂ ವೀಲಿಗೂ ನಡುವೆ ಇಡುವ ಬಿಲ್ಲೆ. 10 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ 45 ಇದ್ದದ್ದು 35 ಆಯಿತು, ಅಷ್ಟೇ. ಹಬ್ಬಿನ ನಡುಭಾಗಕ್ಕೆ ಸರಿಯಾಗಿ ಕೂರುವಂಥದ್ದು, ಬೋಲ್ಟು ಅಷ್ಟೇ ಉದ್ದ ಹೆಚ್ಚಿಸಿಕೊಂಡು ಹಾಕಿದರೆ ಕೆಲಸ ನಡೆಯುತ್ತದೆ. ಲೇತಿನಲ್ಲಿ ಕೊರೆಸಿದ ಬಿಲ್ಲೆಗಳು ಬೇಡ.

"ಹಿಂದೆ ಅಗಲ, ಮುಂದೆ ಸಣ್ಣ ಟೈರು ಹಾಕಿದರೆ?" ಹಿಂಚಕ್ರದ ಗಾಡಿಗೆ, ಪೋರ್ಷೆಯವರಂತೆ ಲೆಕ್ಕ ಹಾಕಿ ಮಾಡಿದರೆ ಅರ್ಥವಿದೆ. ಮುಂಚಕ್ರದ ಗಾಡಿಗೆ ನೋಟಕ್ಕಷ್ಟೇ. ಹಿಂದಿನದನ್ನು ಮುಂದಕ್ಕೆ ಬದಲಿಸಲು ಆಗುವುದಿಲ್ಲ, ಮುಂದಿನ ಎರಡು ಬೇಗ ಸವೆಯುತ್ತವೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಹೋಗುವ ಗಾಡಿಗಳಲ್ಲಿ ಮುಂದೆ ಹಿಂದೆ ಸುತ್ತಳತೆ ಬೇರೆಯಾದರೆ ನಡುವಿನ ಕ್ಲಚ್ಚು ಬೇಗ ಸುಟ್ಟುಹೋಗುತ್ತದೆ.

"ಟೈರು ಕಟ್ ಆದರೆ ಇಲ್ಲಿ ಸಿಗುತ್ತಾ?" ಒಳ್ಳೆಯ ಪ್ರಶ್ನೆ, ವೀಲು ಕೊಳ್ಳುವ ಮುಂಚೆಯೇ ಕೇಳಬೇಕಾದದ್ದು. ಆರಿಸಿಕೊಂಡ ಅಳತೆಯನ್ನು ಊರಿನ ಎರಡು ಮೂರು ಟೈರಿನ ಅಂಗಡಿಗೆ ಫೋನ್ ಮಾಡಿ ಕೇಳಿ. ಎಲ್ಲರೂ "ಬೆಂಗಳೂರಿನಿಂದ ತರಿಸಬೇಕು" ಎಂದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ತೀರ್ಮಾನಿಸಿ. ಒಂದೇ ಟೈರು ಹೊಸದು ಹಾಕುವುದಾದರೂ ಅದೇ ಕಂಪನಿ, ಅದೇ ಮಾದರಿ ಸಿಗಬೇಕು.

"ಸ್ಟೆಪ್ನಿ ಹಳೆಯದೇ ಇರಲಾ?" ಇರಲಿ. ಆದರೆ ಅದರ ವ್ಯಾಸವನ್ನೂ ಲೆಕ್ಕ ಹಾಕಿ ನೋಡಿ. ವ್ಯತ್ಯಾಸ ಹೆಚ್ಚಿದ್ದರೆ ಎಳೆಯುವ ಚಕ್ರಕ್ಕೆ ಹಾಕಬೇಡಿ. ಮುಂದೆ ಪಂಕ್ಚರಾದರೆ ಹಿಂದಿನ ಒಳ್ಳೆಯ ವೀಲನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ. ಎಂಬತ್ತು ದಾಟಬೇಡಿ. ಫೋಕ್ಸ್‌ವ್ಯಾಗನ್, ಸ್ಕೋಡಾದವರಿಗೆ ಇನ್ನೊಂದು ಮಾತು, ಹೊಸ ವೀಲಿಗೆ ತಂದ ಓರೆ ಬುಡದ ಬೋಲ್ಟು ಕಬ್ಬಿಣದ ಸ್ಟೆಪ್ನಿಯ ದುಂಡು ತೂತಿಗೆ ಕೂರುವುದಿಲ್ಲ. ಕಂಪನಿಯ ಹಳೆಯ ಬೋಲ್ಟು ಐದನ್ನು ಒಂದು ಬಟ್ಟೆಯಲ್ಲಿ ಸುತ್ತಿ, ಜ್ಯಾಕಿನ ಪಕ್ಕದಲ್ಲೇ ಇಟ್ಟಿರಿ. ಕೊಟ್ಟಿಗೆಹಾರದ ಮಂಜಿನಲ್ಲಿ ರಾತ್ರಿ ಎಂಟು ಗಂಟೆಗೆ ಅವನ್ನು ಯಾರೂ ತಂದುಕೊಡುವುದಿಲ್ಲ.